ಒಂದೇ ಹೆಸರಿನ ಇಬ್ಬರಲ್ಲಿ ಸೊಸೆಯ ಪೂರ್ವಜ ಯಾರು?

ಸೊಸೆಯ ತಾಯಿಯ ಕಡೆಯವರದು ಹಳೇ ವರ್ಜೀನಿಯಾ ಮನೆತನ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಪೂರ್ವಜನವರೆಗೆ ವಂಶವೃಕ್ಷ ಸಲೀಸಾಗಿ ಹೋಯಿತು, ಅಲ್ಲಿ ನಿಂತುಬಿಟ್ಟಿತು. ಒಂದೇ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಅದೇ ಹೆಸರಿನ ಇಬ್ಬರು: ಒಬ್ಬ ಸೀನಿಯರ್, ಇನ್ನೊಬ್ಬ ಜೂನಿಯರ್. ಅಪ್ಪ-ಮಗ ಎಂದು ಬರೆದುಕೊಳ್ಳುವ ಹಾಗೂ ಇರಲಿಲ್ಲ. ಆ ಕಾಲದಲ್ಲಿ ವಯಸ್ಸಿನಲ್ಲಿ ದೊಡ್ಡವನು, ಚಿಕ್ಕವನು ಎಂದು ಗುರುತಿಸಲೂ ಹಾಗೆ ಬರೆಯುತ್ತಿದ್ದರು.

ಜನಗಣತಿಯಿಂದ ಉಪಯೋಗವಾಗಲಿಲ್ಲ. 1790ರಿಂದ 1840ರವರೆಗೆ ಮನೆ ಯಜಮಾನನ ಹೆಸರು ಮಾತ್ರ, ಉಳಿದವರದ್ದು ಬರೀ ತಲೆಲೆಕ್ಕ. (1850ರಲ್ಲಿ ಮನೆಮಂದಿಯ ಹೆಸರು ಬಂತು, ಗುಲಾಮರನ್ನು ಬಿಟ್ಟು.)

ದಾರಿ ಸಿಕ್ಕಿದ್ದು ಅಲ್ಲಿನ ರಾಷ್ಟ್ರೀಯ ಪತ್ರಾಗಾರದ ಪಿಂಚಣಿ ಕಡತದಲ್ಲಿ. 1836 ಮತ್ತು 1838ರ ಕಾಯ್ದೆಗಳಡಿ ಪಿಂಚಣಿ ಕೇಳುವ ಸೈನಿಕನ ವಿಧವೆ ತನ್ನ ಮದುವೆಯನ್ನು ರುಜುವಾತು ಮಾಡಬೇಕಿತ್ತು. ದಾಖಲೆ ಇಲ್ಲದವರಲ್ಲಿ ಕೆಲವರು ಹುಟ್ಟು, ಮದುವೆ, ಸಾವು ಬರೆದಿಟ್ಟ ಬೈಬಲ್ಲಿನ ಹಾಳೆಯನ್ನೇ ಹರಿದು ಕಳಿಸಿದ್ದಾರೆ. ನೆಂಟರು, ನೆರೆಹೊರೆಯವರು ನೆನಪಿದ್ದಷ್ಟನ್ನು ಪ್ರಮಾಣ ಮಾಡಿ ಹೇಳಿದ್ದಾರೆ. ನಮ್ಮ ಕಡತದಲ್ಲಿ ಎರಡೂ ಇದ್ದವು! ಪಿಂಚಣಿ ಕೇಳಿದ ವಿಧವೆಯ ನಾದಿನಿ ತನ್ನ ಅಣ್ಣನ ಮದುವೆಯನ್ನು ಕಣ್ಣಾರೆ ಕಂಡೆನೆಂದು ಹೇಳುತ್ತಾ ಒಡಹುಟ್ಟಿದವರ ಹೆಸರನ್ನೂ ಹೇಳಿಬಿಟ್ಟಿದ್ದಳು. ಆ ಹೆಸರುಗಳನ್ನು ಹಿಡಿದು 1782ರಿಂದ ಶುರುವಾಗುವ ವರ್ಜೀನಿಯಾದ ತೆರಿಗೆ ಪಟ್ಟಿಗಳನ್ನೂ ಕೌಂಟಿ ಕೋರ್ಟಿನ ಉಯಿಲುಗಳನ್ನೂ ತಾಳೆ ನೋಡಿದೆ. ಸೀನಿಯರ್ ಚಿಕ್ಕಪ್ಪ, ಜೂನಿಯರ್ ಅವನ ಅಣ್ಣನ ಮಗ. ಆ ಜೂನಿಯರೇ ನಮ್ಮವನು.

ಮೂವರು ಅಣ್ಣತಮ್ಮಂದಿರು ಒಂದೇ ಹಡಗಿನಲ್ಲಿ ಬಂದರೆಂದು ಬೀಗಿತ್ತಿ ಹೇಳುವ ಕಥೆಗೆ ಮಾತ್ರ ಯಾವ ಕಾಗದವೂ ಸಿಕ್ಕಿಲ್ಲ. ಅಮೆರಿಕದ ಎಷ್ಟೋ ಮನೆಗಳಲ್ಲಿ ಇದೇ ಕಥೆಯಿದೆ. ಸದ್ಯಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಇಟ್ಟಿದ್ದೇನೆ.