ಎಸಿ ಹಾಕುವ ಮೊದಲು ನೀರಿನ ದಾರಿ

ಎಸಿ ವ್ಯವಸ್ಥೆಗೆ ನಾನೇ ಪೂರ್ತಿ ಯೋಜನೆ ಹಾಕಿದ ಮೊದಲ ಕಟ್ಟಡ ಮೂರು ಅಂತಸ್ತಿನ ಕಚೇರಿ. ಇಷ್ಟು ಜಾಗಕ್ಕೆ ಇಷ್ಟು ಎನ್ನುವ ಚದರಡಿ ಸೂತ್ರ ಹಿಡಿದು ಟನ್ (ಎಸಿಯ ತಣಿಸುವ ಶಕ್ತಿಯ ಅಳತೆ) ಲೆಕ್ಕ ಹಾಕಿದೆ, ಯಾವುದಕ್ಕೂ ಇರಲಿ ಎಂದು ಅದರ ಮೇಲೆ ಇನ್ನೂ ಕಾಲು ಭಾಗ ಸೇರಿಸಿದೆ. ಮಳೆಗಾಲ ಬಂದದ್ದೇ ತಡ, ದೂರು ಶುರುವಾಯಿತು: ಒಳಗೆ ಚಳಿ, ಆದರೂ ಮೈಯೆಲ್ಲ ಅಂಟು, ಮೇಜಿನ ಮೇಲಿನ ಕಾಗದ ಮೆತ್ತಗೆ. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಅಳತೆ ಮೀರಿದ ಯಂತ್ರ ಕೋಣೆಯನ್ನು ಬೇಗ ತಣಿಸಿ ಕಂಪ್ರೆಸರ್ ನಿಲ್ಲಿಸಿಬಿಡುತ್ತದೆ. ಗಾಳಿಯ ತೇವ ಯಂತ್ರದೊಳಗಿನ ತಣ್ಣನೆಯ ಕೊಳವೆಸುರುಳಿಯ, ಅಂದರೆ ಕಾಯಿಲ್‌ನ ಮೇಲೆ ನೀರಾಗಿ ಇಳಿಯಲು ಪುರಸೊತ್ತೇ ಸಿಗುವುದಿಲ್ಲ. 1902ರಲ್ಲಿ ಅಮೆರಿಕದ ಎಂಜಿನಿಯರ್ ವಿಲಿಸ್ ಕ್ಯಾರಿಯರ್ ತಮ್ಮ ಎಸಿ ವ್ಯವಸ್ಥೆಯನ್ನು ರೂಪಿಸಿದ್ದೇ ಒಂದು ಮುದ್ರಣಾಲಯದ ಕಾಗದವನ್ನು ತೇವದಿಂದ ಕಾಪಾಡಲು. ಅದನ್ನು ಓದಿದ್ದ ನಾನೇ ಕಾಗದವನ್ನು ಮೆತ್ತಗಾಗಿಸಿದ್ದೆ!

ಈಗ ಚದರಡಿ ಸೂತ್ರವನ್ನು ಬಾಯಿಲೆಕ್ಕಕ್ಕಷ್ಟೇ ಬಳಸುತ್ತೇನೆ. ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್. ಕುಳಿತು ಕೆಲಸ ಮಾಡುವವರು ತಲಾ 120 ವ್ಯಾಟ್‌ನಷ್ಟು ಶಾಖ ಬಿಡುತ್ತಾರೆ. ಮೂವತ್ತು ಜನ ಸೇರುವ ಸಭಾಂಗಣದಲ್ಲಿ ಜನರಿಗೇ ಒಂದು ಟನ್ ಬೇಕು, ಒಳಗೆ ತರುವ ಹೊರಗಾಳಿಯ ಲೆಕ್ಕ ಬೇರೆ. ಕಟ್ಟಡವನ್ನು ಬೆಳಿಗ್ಗೆ ಒಂಬತ್ತಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ನೋಡುತ್ತೇನೆ. ಪೂರ್ವದ ಗಾಜು ಕಾದಾಗ ಪಶ್ಚಿಮದ್ದು ತಣ್ಣಗಿರುತ್ತದೆ. ಎರಡೂ ಕಡೆಯ ಗರಿಷ್ಠ ಶಾಖವನ್ನು ಕೂಡಿಸಿ ಕೇಂದ್ರ ಯಂತ್ರ ಆರಿಸಿದರೆ ನನ್ನ ಹಳೆಯ ತಪ್ಪೇ ಮರುಕಳಿಸುತ್ತದೆ.

ಅದೇ ಕಚೇರಿಯಲ್ಲಿ ಇನ್ನೊಂದು ಪಾಠ ಕಾದಿತ್ತು. ಎರಡನೇ ಅಂತಸ್ತಿನ ಫಾಲ್ಸ್ ಸೀಲಿಂಗ್ ಮೇಲೆ ಚಹಾ ಬಣ್ಣದ ಕಲೆ ಹರಡಿತು. ಬಿಚ್ಚಿ ನೋಡಿದರೆ, ಕಾಯಿಲ್‌ನಿಂದ ಇಳಿದ ನೀರನ್ನು ಹೊರಗೆ ಒಯ್ಯುವ ಡ್ರೈನ್ ಪೈಪ್ ತೊಲೆಯ ಕೆಳಗೆ ನುಸುಳಿ ಮತ್ತೆ ಮೇಲೇರಿತ್ತು. ನೀರು ಮೇಲಕ್ಕೆ ಹರಿಯುವುದೆಂತು? ನೂರಕ್ಕೆ ಒಂದರ ಇಳಿಜಾರು ಎಂದರೂ ಹನ್ನೆರಡು ಮೀಟರ್ ಪೈಪ್ ಹನ್ನೆರಡು ಸೆಂಟಿಮೀಟರ್ ಇಳಿಯಬೇಕು. ತಣ್ಣನೆಯ ಗಾಳಿ ಸಾಗಿಸುವ ಡಕ್ಟ್, ಕೇಬಲ್ ಟ್ರೇ, ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಪೈಪುಗಳು ಜಾಗ ಹಿಡಿದ ಮೇಲೆ ಅಷ್ಟು ಎತ್ತರ ಉಳಿದಿರಲೇ ಇಲ್ಲ. ಡಕ್ಟನ್ನು ಬೇಕಾದರೆ ಚಪ್ಪಟೆ ಮಾಡಬಹುದು, ಇಳಿಜಾರನ್ನು ಚಪ್ಪಟೆ ಮಾಡಲಾಗದು. ಹಾಗಾಗಿ ನಕ್ಷೆಯಲ್ಲಿ ನಾನು ಎಳೆಯುವ ಮೊದಲ ಗೆರೆ ಡ್ರೈನ್‌ನದು; ಅದನ್ನು ನೋಡಿ ವಾಸ್ತುಶಿಲ್ಪಿಗಳು ನಗುವುದುಂಟು.

ಔಟ್‌ಡೋರ್ ಯೂನಿಟ್‌ಗಳ ಬಗ್ಗೆ ಹೇಳುವುದು ಕಡಿಮೆ. ಅವು ಉಗುಳಿದ ಬಿಸಿಗಾಳಿ ಗೋಡೆಗೆ ಬಡಿದು ಅವಕ್ಕೇ ಮರಳಬಾರದು, ರಿಪೇರಿಯವರು ನಿಂತು ಕೆಲಸ ಮಾಡಲು ಜಾಗವಿರಬೇಕು.

ಸೀಲಿಂಗ್ ಮುಚ್ಚುವ ಹಿಂದಿನ ದಿನ ಬಕೆಟ್ ಹಿಡಿದು ಏಣಿ ಹತ್ತುತ್ತೇನೆ. ಒಂದೊಂದು ಒಳಗಿನ ಯೂನಿಟ್‌ನ ನೀರು ಹಿಡಿಯುವ ಟ್ರೇಗೂ ನೀರು ಸುರಿಯುತ್ತೇನೆ. ಕೆಳಗೆ ಪೈಪಿನ ಬಾಯಿಯ ಬಳಿ ನಿಂತ ಹುಡುಗ ‘ಬಂತು ಸಾರ್’ ಎಂದು ಕೂಗುವವರೆಗೆ ಏಣಿ ಇಳಿಯುವುದಿಲ್ಲ.