ಮಳೆಗಾಲದಲ್ಲಿ ಅರ್ಧ ಹೊಕ್ಕ ಪ್ಲಗ್ಗು

ಮಳೆ ಹಿಡಿದರೆ ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಬಟ್ಟೆ ಒಣಗುವುದೇ ಇಲ್ಲ. ಬೆಳಿಗ್ಗೆ ಶಾಲೆಗೆ ಹೊತ್ತಾಗುತ್ತಿದೆ ಅನ್ನುವಾಗ ಹಸಿ ಯೂನಿಫಾರಂ ಮೇಲೆ ಇಸ್ತ್ರಿ ಓಡುತ್ತದೆ. ಆ ಗಡಿಬಿಡಿಯಲ್ಲಿ ಪ್ಲಗ್ಗನ್ನು ಪೂರ್ತಿ ಒತ್ತುವವರು ಕಡಿಮೆ. ಪೆಟ್ಟಿಗೆ ಬಿಸಿಯಾಯಿತಲ್ಲ, ಸಾಕು ಅಂತ ಬಿಡುತ್ತಾರೆ.

ಅರ್ಧ ಹೊರಗಿರುವ ಪಿನ್ನಿನಲ್ಲೂ 230 ವೋಲ್ಟ್ ಇರುತ್ತದೆ. ಆ ಸಂದಿಗೆ ಮಕ್ಕಳ ಬೆರಳು ಸಲೀಸಾಗಿ ಹೋಗುತ್ತದೆ. ಒಳಗಡೆ ಇನ್ನೊಂದು ಕಥೆ. ಪಿನ್ನಿನ ತುದಿ ಮಾತ್ರ ತಾಗಿದರೆ ಆ ಜಾಗ ಕಾಯುತ್ತದೆ, ಕಿಡಿ ಹಾರುತ್ತದೆ, ನಿಧಾನಕ್ಕೆ ಪ್ಲಾಸ್ಟಿಕ್ ಕರಗುತ್ತದೆ. ಎಂಸಿಬಿ (ಕರೆಂಟು ತಾನಾಗೇ ಕಡಿಯುವ ಸ್ವಿಚ್) ಇದೆ, ಟ್ರಿಪ್ ಆಗುತ್ತೆ ಬಿಡಿ ಅನ್ನಬೇಡಿ. ಕರೆಂಟು ಮಿತಿ ಮೀರಿದರೆ ಅಥವಾ ಶಾರ್ಟ್ ಆದರೆ ಮಾತ್ರ ಅದು ಟ್ರಿಪ್ ಆಗುವುದು. ಲೂಸ್ ಕಾಂಟ್ಯಾಕ್ಟ್ ಇದ್ದಾಗ ಕರೆಂಟು ಜಾಸ್ತಿ ಹರಿಯುವುದಿಲ್ಲ. ಹರಿಯುವಷ್ಟೇ ಸಾಕು, ಒಂದೇ ಕಡೆ ಸುಡಲು.

ಒತ್ತಿದರೂ ಪ್ಲಗ್ಗು ಒಳಗೆ ಹೋಗದಿದ್ದರೆ ಗುದ್ದಬೇಡಿ. ಕುಂಬಾರ ಹುಳ ತೂತಿಗೆ ಮಣ್ಣು ಮೆತ್ತಿರಬಹುದು. ಇಷ್ಟು ದೊಡ್ಡ ಕಾಡಿದ್ದರೂ ಅದಕ್ಕೆ ನಮ್ಮ ಸ್ವಿಚ್ ಬೋರ್ಡೇ ಬೇಕು! ಹೇರ್‌ಪಿನ್ ತಂದು ಕೆದಕಲು ಹೋಗಬೇಡಿ. ಕಡ್ಡಿಯೂ ಬೇಡ, ಮಳೆಗಾಲದ ಹಸಿ ಕಡ್ಡಿಯನ್ನು ನಂಬುವಂತಿಲ್ಲ. ಸ್ವಿಚ್ ಆಫ್ ಮಾಡಿದರೆ ಸಾಲದು. ವೈರಿಂಗ್ ಅದಲುಬದಲಾಗಿದ್ದರೆ ಸ್ವಿಚ್ ಆಫ್ ಇದ್ದರೂ ತೂತಿನಲ್ಲಿ ಕರೆಂಟು ಇರುತ್ತದೆ. ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕೈಲೇ ಬಿಚ್ಚಿಸಿ. ಹೊಸದು ಹಾಕಿಸುವಾಗ ಐಎಸ್ಐ ಗುರುತಿನ, ಒಳಗೆ ಶಟರ್ (ಕರೆಂಟಿನ ತೂತು ಮುಚ್ಚುವ ಮುಚ್ಚಳ) ಇರುವ ಸಾಕೆಟ್ ಕೇಳಿ. ಹುಳಕ್ಕೂ ಒಂದಿಷ್ಟು ತಡೆ, ಮಕ್ಕಳಿಗೂ ತಡೆ.

ಗೀಸರ್ ಇದ್ದವರು ಗಮನಿಸಿ. 2000 ವ್ಯಾಟ್ ಅಂದರೆ ಸುಮಾರು 9 ಆಂಪ್. ಅದಕ್ಕೆ 16 ಆಂಪಿನ ದೊಡ್ಡ ಸಾಕೆಟ್ಟೇ ಬೇಕು. ಕನ್ವರ್ಟರ್ ಸಿಕ್ಕಿಸಿ 6 ಆಂಪಿನ ಸಣ್ಣದರಲ್ಲಿ ಓಡಿಸಬೇಡಿ. ಪ್ಲಗ್ಗೇ ಇಲ್ಲದೆ ಬರಿ ವೈರು ತುರುಕಿ ಬೆಂಕಿಕಡ್ಡಿ ಸಿಕ್ಕಿಸುವ ಜಾಣರೂ ಇದ್ದಾರೆ. ಅವರಿಗೆ ಏನು ಹೇಳುವುದು?

ಮಂಚ, ಬೀರು ಗೋಡೆಗೆ ತಳ್ಳುವಾಗ ಹಿಂದೆ ಪ್ಲಗ್ಗು ಇದೆಯಾ ನೋಡಿಕೊಳ್ಳಿ. ಒತ್ತಿ ಒತ್ತಿ ಅದು ವಾಲುತ್ತದೆ, ಸಾಕೆಟ್ ಸಡಿಲವಾಗುತ್ತದೆ.

ಇಸ್ತ್ರಿ ಮುಗಿದ ಮೇಲೆ ಸ್ವಿಚ್ ಆಫ್ ಮಾಡಿ, ಒಣಗಿದ ಕೈಯಲ್ಲಿ ಪ್ಲಗ್ಗನ್ನು ಹಿಡಿದು ಕೀಳಿ, ವೈರು ಎಳೆಯಬೇಡಿ. ಪಿನ್ನಿಗೆ ತಕ್ಷಣ ಕೈ ಹಾಕಬೇಡಿ, ಕಾದಿರಬಹುದು. ಪ್ಲಗ್ಗಿನ ಮೈ ಸುಡುವಷ್ಟು ಬಿಸಿಯಿದೆಯಾ? ಪಿನ್ ಕಪ್ಪಾಗಿದೆಯಾ? ಸುಟ್ಟ ವಾಸನೆ ಬರುತ್ತಿದೆಯಾ? ಹಾಗಿದ್ದರೆ ಪ್ಲಗ್ಗು, ಸಾಕೆಟ್ಟು ಎರಡನ್ನೂ ಬದಲಾಯಿಸಿ. ಒಂದನ್ನೇ ಬದಲಾಯಿಸಿದರೆ ಹಾಳಾದದ್ದು ಹೊಸದನ್ನೂ ಕೆಡಿಸುತ್ತದೆ. ತೆಗೆದ ಸಾಕೆಟ್ಟನ್ನು ತೋಟದ ಪಂಪಿಗೆ ಆಗುತ್ತೆ ಅಂತ ಎತ್ತಿಡಬೇಡಿ.