ನೇರಳೆ ಗಾಜಿನ ರೋಹಿತ ತೆಗೆಯುವುದು ಹೇಗೆ?

ನಿಯೋಡಿಮಿಯಂ ಎಂಬ ವಿರಳ ಲೋಹ ಬೆರೆತ ಫಾಸ್ಫೇಟ್ ಗಾಜು ಬಿಸಿಲಿನಲ್ಲಿ ನೇರಳೆ, ಟ್ಯೂಬ್‌ಲೈಟಿನ ಕೆಳಗೆ ತಿಳಿನೀಲಿ. 580 ನ್ಯಾನೊಮೀಟರ್ ಆಸುಪಾಸಿನ ಹಳದಿ ಬೆಳಕನ್ನು ಅದು ನುಂಗಿಹಾಕುವುದೇ ಈ ಬಣ್ಣದಾಟಕ್ಕೆ ಕಾರಣ. ಕ್ಯಾಲಿಫೋರ್ನಿಯಾದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ ಎಂಬ ಲೇಸರ್ ಪ್ರಯೋಗಾಲಯದಲ್ಲಿ ಲೇಸರ್ ಬೆಳಕನ್ನು ಬಲಪಡಿಸುವುದೂ ಇದೇ ಜಾತಿಯ ಗಾಜು. ಇದರ ರೋಹಿತವನ್ನು, ಅಂದರೆ ಯಾವ ತರಂಗಾಂತರದ ಬೆಳಕನ್ನು ಗಾಜು ಎಷ್ಟು ಹೀರುತ್ತದೆ ಎಂಬುದನ್ನು, ಅಳೆಯುವ ಕೆಲಸ ಕೆಡುವುದು ಹೆಚ್ಚಾಗಿ ಯಂತ್ರದಲ್ಲಲ್ಲ, ಅದಕ್ಕೂ ಮೊದಲೇ.

ತೂಕ

ಮೋಲ್ ಲೆಕ್ಕದಲ್ಲಿ ಶೇ 55 ಫಾಸ್ಫರಸ್ ಪೆಂಟಾಕ್ಸೈಡ್, 24 ಸೋಡಿಯಂ ಆಕ್ಸೈಡ್, 20 ಸತುವಿನ ಆಕ್ಸೈಡ್, 1 ನಿಯೋಡಿಮಿಯಂ ಆಕ್ಸೈಡ್ ಇರುವ 22.5 ಗ್ರಾಂ ಗಾಜಿಗೆ ಬೇಕಾದದ್ದು: ಅಮೋನಿಯಂ ಡೈಹೈಡ್ರೋಜನ್ ಫಾಸ್ಫೇಟ್ 25.31 ಗ್ರಾಂ, ಸೋಡಿಯಂ ಕಾರ್ಬೊನೇಟ್ 5.09, ಸತುವಿನ ಆಕ್ಸೈಡ್ 3.26, ನಿಯೋಡಿಮಿಯಂ ಆಕ್ಸೈಡ್ 0.673. ಈ ಕೊನೆಯ ಪುಡಿ ಗಾಳಿಯ ತೇವ ಹೀರುತ್ತದೆ. ಡಬ್ಬಿಯಿಂದ ನೇರವಾಗಿ ತೂಗಿದರೆ ನೀರನ್ನೂ ನಿಯೋಡಿಮಿಯಂ ಎಂದೇ ಎಣಿಸಿದಂತೆ. 900 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ, ಡೆಸಿಕೇಟರಿನಲ್ಲಿ (ತೇವ ಸೇರದ ಮುಚ್ಚಿದ ಪಾತ್ರೆಯಲ್ಲಿ) ಆರಿಸಿ, ಕೂಡಲೇ ತೂಗಿ.

ಕರಗಿಸುವುದು

ಎಲ್ಲವನ್ನೂ ಅಗೇಟ್ ಕುಟ್ಟಾಣಿಯಲ್ಲಿ ಅರೆದು ಅಲ್ಯೂಮಿನಾ ಮೂಸೆಯ ಮೂರನೇ ಒಂದು ಭಾಗದಷ್ಟು ಮಾತ್ರ ತುಂಬಿ. 300 ಡಿಗ್ರಿಯವರೆಗೆ ನಿಧಾನವಾಗಿ ಏರಿಸಬೇಕು. ಅಮೋನಿಯಾ ಮತ್ತು ನೀರಾವಿ ಹೊರಡುವಾಗ ಮಿಶ್ರಣ ಒಲೆಯ ಮೇಲಿನ ಹಾಲಿನಂತೆ ಉಕ್ಕುತ್ತದೆ. ಹೊಗೆ ಹೀರುವ ಗೂಡಿನೊಳಗೇ ಈ ಕೆಲಸ ನಡೆಯಲಿ. ಉಕ್ಕು ಇಳಿದ ಮೇಲೆ 1,000 ಡಿಗ್ರಿಯಲ್ಲಿ 45 ನಿಮಿಷ ಇಟ್ಟು, ನಡುವೆ ಇಕ್ಕಳದಿಂದ ಎರಡು ಸಲ ಮೂಸೆಯನ್ನು ತಿರುಗಿಸಿ. ಇನ್ನೂ ಹೊತ್ತು ಬಿಟ್ಟರೆ ಫಾಸ್ಫರಸ್ ಆಕ್ಸೈಡ್ ಆವಿಯಾಗುತ್ತದೆ, ಮೂಸೆಯ ಅಲ್ಯೂಮಿನಾ ಗಾಜಿಗಿಳಿಯುತ್ತದೆ. 250 ಡಿಗ್ರಿಗೆ ಕಾಯಿಸಿಟ್ಟ ಹಿತ್ತಾಳೆ ಅಚ್ಚಿಗೆ ಎರೆದು, 300 ಡಿಗ್ರಿಯಲ್ಲಿ ಮೂರು ಗಂಟೆ ಇಟ್ಟು, ಕುಲುಮೆಯೊಂದಿಗೇ ತಣಿಯಲು ಬಿಡಿ. ಇಲ್ಲಿ ಅವಸರ ಮಾಡಿದ ಬಿಲ್ಲೆ ಉಜ್ಜುವಾಗ ಸೀಳುತ್ತದೆ. ನಿಯೋಡಿಮಿಯಂ ಇಲ್ಲದ ಇನ್ನೊಂದು ಬಿಲ್ಲೆಯನ್ನೂ ಎರೆದಿಟ್ಟುಕೊಳ್ಳಿ.

ಉಜ್ಜುವುದು

400, 800, 1200ರ ಉಜ್ಜುಕಾಗದ, ಕೊನೆಗೆ ಸೀರಿಯಂ ಆಕ್ಸೈಡ್. ನೀರು ಬೇಡ, ಸೀಮೆಎಣ್ಣೆ ಸಾಕು. ಫಾಸ್ಫೇಟ್ ಗಾಜಿನ ಮೈ ನೀರಿಗೆ ಮಂಕಾಗುತ್ತದೆ. ಎರಡೂ ಮುಖ ಸಮಾಂತರವಾಗಿ, 2 ಮಿ.ಮೀ. ದಪ್ಪಕ್ಕೆ ಬರಲಿ. 1 ಸೆಂ.ಮೀ. ಇಟ್ಟರೆ 580ರ ಹೀರಿಕೆ ಪಟ್ಟಿಯಲ್ಲಿ ಡಿಟೆಕ್ಟರಿಗೆ ಬೆಳಕೇ ತಲುಪದೆ ಶಿಖರದ ತಲೆ ಚಪ್ಪಟೆಯಾಗುತ್ತದೆ. ದಪ್ಪವನ್ನು ಬೆಳಕು ಹಾಯುವ ಜಾಗದಲ್ಲೇ ಮೈಕ್ರೊಮೀಟರಿನಿಂದ ಅಳೆಯಿರಿ. ಬಿಲ್ಲೆಯನ್ನು ದ್ರವದಲ್ಲಿ ಮುಳುಗಿಸಿ ಸಾಂದ್ರತೆ ತೆಗೆಯುವಾಗಲೂ ನೀರಲ್ಲ, ಜೈಲೀನ್.

ಅಳತೆ

ಹೀರಿಕೆ ಅಳೆಯುವ ಯಂತ್ರವಾದ ಸ್ಪೆಕ್ಟ್ರೋಫೋಟೊಮೀಟರನ್ನು 300ರಿಂದ 1,000 ನ್ಯಾನೊಮೀಟರ್‌ವರೆಗೆ ನಿಧಾನವಾಗಿ ಓಡಿಸಿ, ಸೀಳುಗಂಡಿ ಬಿಡುವ ತರಂಗಾಂತರದ ಅಗಲ 1 ನ್ಯಾನೊಮೀಟರ್ ಮೀರದಿರಲಿ. ಅಗಲವಾದರೆ 430ರ ಸಪೂರ ಗೆರೆ ಕರಗಿಹೋಗುತ್ತದೆ. 525, 580, 745, 800, 875ರ ಹತ್ತಿರ ಪಟ್ಟಿಗಳು ಏಳಬೇಕು. 350ರ ಸುತ್ತ ಸಣ್ಣ ಮೆಟ್ಟಿಲು ಕಂಡರೆ ಅನುಮಾನಿಸಿ: ಅನೇಕ ಯಂತ್ರಗಳಲ್ಲಿ ದೀಪ ಬದಲಾಗುವುದು ಅಲ್ಲೇ, ನಿಯೋಡಿಮಿಯಂ ಪಟ್ಟಿ ಇರುವುದೂ ಅಲ್ಲೇ. ಎರಡು ಮುಖಗಳ ಪ್ರತಿಫಲನದಿಂದ ಸುಮಾರು ಶೇ 8 ಬೆಳಕು ನಷ್ಟವಾಗಿ, ಯಂತ್ರ ಲಾಗರಿದಮ್ ಲೆಕ್ಕದಲ್ಲಿ ತೋರಿಸುವ ಹೀರಿಕೆ 0.036ರಷ್ಟು ಹೆಚ್ಚಾಗಿ ಕಾಣುತ್ತದೆ. ನಿಯೋಡಿಮಿಯಂ ಇಲ್ಲದ ಬಿಲ್ಲೆಯ ರೋಹಿತವನ್ನು ಕಳೆದರೆ ಇದು ಹೋಗುತ್ತದೆ.

ಹೀರಿಕೆಯನ್ನು 2.303ರಿಂದ ಗುಣಿಸಿ, ಸೆಂಟಿಮೀಟರಿನಲ್ಲಿರುವ ದಪ್ಪದಿಂದ ಭಾಗಿಸಿದರೆ ಹೀರಿಕೆ ಗುಣಾಂಕ. ಪಟ್ಟಿಗಳ ಬಲವನ್ನು ವಿವರಿಸುವ ಜಡ್–ಒಫೆಲ್ಟ್ ಲೆಕ್ಕಕ್ಕೆ ಇಳಿಯುವವರು ಪಟ್ಟಿಯ ಕೆಳಗಿನ ವಿಸ್ತೀರ್ಣವನ್ನು ನ್ಯಾನೊಮೀಟರಿನಲ್ಲಿ ತೆಗೆದಿದ್ದಾರೋ, ತರಂಗಸಂಖ್ಯೆಯಲ್ಲೋ (ತರಂಗಾಂತರದ ವಿಲೋಮ) ನೋಡಿಕೊಂಡು ಅದಕ್ಕೆ ತಕ್ಕ ಸೂತ್ರವನ್ನೇ ಬಳಸಬೇಕು.